ಒಂದು ಇಮೇಜ್, ನಾಲ್ಕು ಹೈಪರ್‌ವೈಸರ್: ಮಂಡ್ಯದ ಅಕ್ಕಿ ಗಿರಣಿಗಳಿಂದ ಒಂದು ಪ್ರಕರಣ

ಹಿನ್ನೆಲೆ

ಇದು ನಡೆದದ್ದು ಮೈಸೂರಿನ ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿಯಲ್ಲಿ. ಒಟ್ಟು ಆರು ಜನ, ಅದರಲ್ಲಿ ನಾನೂ ಒಬ್ಬ. ಕಂಪನಿ ಯಾವುದು, ಗಿರಣಿಗಳು ಯಾವುವು, ಯಾವ ಊರು ಅಂತ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಾಯಿಸಿದ್ದೇನೆ. ತಾಂತ್ರಿಕ ವಿಷಯ ಮಾತ್ರ ಇದ್ದದ್ದು ಇದ್ದ ಹಾಗೆ ಇದೆ.

ನಮ್ಮ ಸಾಫ್ಟ್‌ವೇರ್ ಇರುವುದು ಮಂಡ್ಯ ಜಿಲ್ಲೆಯ ಅಕ್ಕಿ ಗಿರಣಿಗಳ ವೇಬ್ರಿಡ್ಜ್ ಪಕ್ಕದಲ್ಲಿ. ಭತ್ತದ ಗಾಡಿ ಬಂದಾಗ ತುಂಬಿದ ತೂಕ, ಇಳಿಸಿ ಹೊರಡುವಾಗ ಖಾಲಿ ತೂಕ. ಎರಡರ ವ್ಯತ್ಯಾಸದಲ್ಲಿ ಗೋಣಿಚೀಲದ ತೂಕ ಕಳೆದು ಒಂದು ಚೀಟಿ ಅಚ್ಚಾಗುತ್ತದೆ. ರೈತರಿಗೆ ದುಡ್ಡು ಬರುವುದು ಆ ಚೀಟಿ ನೋಡಿಯೇ. ಹಾಗಾಗಿ ಆ ಚೀಟಿಯ ಮೇಲಿನ ಒಂದೊಂದು ಅಂಕಿಗೂ ನಾವು ಜವಾಬ್ದಾರರು.

ಸಾಫ್ಟ್‌ವೇರನ್ನು ನಾವು ಗಿರಣಿಯ ಕಂಪ್ಯೂಟರಿನಲ್ಲಿ ನೇರವಾಗಿ ಇನ್‌ಸ್ಟಾಲ್ ಮಾಡುತ್ತಿರಲಿಲ್ಲ. ಡೆಬಿಯನ್ 12 (ಒಂದು ಬಗೆಯ ಲಿನಕ್ಸ್), ಪೋಸ್ಟ್‌ಗ್ರೆಸ್ ಡೇಟಾಬೇಸ್, ನಮ್ಮ ಪ್ರೋಗ್ರಾಂ, ಎಲ್ಲ ಸೇರಿಸಿ ಒಂದು ವರ್ಚುವಲ್ ಮಷಿನ್ (ವಿಎಂ), ಅಂದರೆ ಕಂಪ್ಯೂಟರಿನ ಒಳಗೆ ಸಾಫ್ಟ್‌ವೇರ್ ರೂಪದಲ್ಲಿ ಓಡುವ ಇನ್ನೊಂದು ಕಂಪ್ಯೂಟರ್, ಮಾಡಿ ಕೊಡುತ್ತಿದ್ದೆವು. ಗಿರಣಿಯವರ ವಿಂಡೋಸ್ ಅಪ್‌ಡೇಟ್ ಆಗಲಿ, ವೈರಸ್ ಬರಲಿ, ನಮ್ಮ ಪೆಟ್ಟಿಗೆ ತನ್ನ ಪಾಡಿಗೆ ತಾನು ಇರುತ್ತದೆ ಅನ್ನುವ ಲೆಕ್ಕ. ಆ ಲೆಕ್ಕ ಸರಿಯಾಗಿಯೇ ಇತ್ತು, ಈಗಲೂ ಅದನ್ನು ಬಿಟ್ಟಿಲ್ಲ.

ಇಂಥ ಮಷಿನ್ ಓಡಿಸುವ ಸಾಫ್ಟ್‌ವೇರಿಗೆ ಹೈಪರ್‌ವೈಸರ್ ಅನ್ನುತ್ತಾರೆ, ಮಷಿನ್‌ನ ಡಿಸ್ಕನ್ನು ಹಿಡಿದಿಡುವ ಫೈಲಿಗೆ ಇಮೇಜ್. ಒಂದೊಂದು ಹೈಪರ್‌ವೈಸರಿಗೆ ಒಂದೊಂದು ಫಾರ್ಮ್ಯಾಟ್. ಶುರುವಿನಲ್ಲಿ ಎಲ್ಲ ಕಡೆಯೂ ವರ್ಚುವಲ್‌ಬಾಕ್ಸ್. ಅದರ ಡಿಸ್ಕ್ ಫೈಲ್ ವಿಡಿಐ. ಆಮೇಲೆ ಒಬ್ಬ ದೊಡ್ಡ ಗಿರಣಿಯವರು ತಮ್ಮಲ್ಲಿ ವಿಎಂವೇರ್ ಇಎಸ್‌ಎಕ್ಸ್‌ಐ ಸರ್ವರ್ ಇದೆ, ಅದರಲ್ಲೇ ಹಾಕಿ ಅಂದರು. ಅದಕ್ಕೆ ವಿಎಂಡಿಕೆ ಬೇಕು. ಇನ್ನೊಬ್ಬರು ಹೊಸ ವಿಂಡೋಸ್ ಸರ್ವರ್ ತಗೊಂಡರು, ಅದರಲ್ಲಿ ಹೈಪರ್-ವಿ. ಅದಕ್ಕೆ ವಿಎಚ್‌ಡಿಎಕ್ಸ್. ನಮ್ಮ ಆಫೀಸಿನ ಸರ್ವರ್ ಪ್ರಾಕ್ಸ್‌ಮಾಕ್ಸ್, ಅಲ್ಲಿ ಕ್ಯೂಕೌ2. ಗಿರಾಕಿ ಕೇಳಿದ ಹಾಗೆಲ್ಲ ನಾವು ಹೂಂ ಅನ್ನುತ್ತಾ ಹೋದೆವು. ಒಂದೇ ಮಷಿನ್ ನಾಲ್ಕಾಯಿತು. ಪ್ರತಿಯೊಂದನ್ನೂ ನೋಡಿಕೊಳ್ಳುವವರು ಬೇರೆ ಬೇರೆ.

ಎರಡು ಚೀಟಿ

2023ರ ಡಿಸೆಂಬರ್. ಭತ್ತದ ಕೊಯ್ಲು ಜೋರಾಗಿತ್ತು. ಒಬ್ಬರೇ ಮಾಲೀಕರಿಗೆ ಎರಡು ಗಿರಣಿ. ಹಳೆಯದರಲ್ಲಿ ವರ್ಚುವಲ್‌ಬಾಕ್ಸ್, ಹೊಸದರಲ್ಲಿ ಹೈಪರ್-ವಿ. ಆ ವಾರ ನಾನು ಹೊಸ ಗಿರಣಿಗೆ ಪ್ರಿಂಟರ್ ವಿಷಯಕ್ಕೆ ಹೋಗಿದ್ದೆ. ವೇಬ್ರಿಡ್ಜ್ ರೂಮಿನ ಕಿಟಕಿಗೆ ಒಬ್ಬ ರೈತರು ಬಂದು ಎರಡು ಚೀಟಿ ಮೇಜಿನ ಮೇಲಿಟ್ಟರು. ಒಂದು ಸೋಮವಾರದ್ದು, ಹಳೇ ಗಿರಣಿಯದು. ಇನ್ನೊಂದು ಆವತ್ತಿನದು.

"ಸಾರ್, ಆವತ್ತೂ ಅರವತ್ತು ಚೀಲ, ಇವತ್ತೂ ಅರವತ್ತು ಚೀಲ. ಗೋಣಿನೂ ಒಂದೇ ಅಂಗಡೀದು. ಅಲ್ಲಿ ಚೀಲಕ್ಕೆ ಅಂತ ಮೂವತ್ತಾರು ಕೇಜಿ ಕಳ್ದವ್ರೆ, ಇಲ್ಲಿ ಅರವತ್ತು ಕೇಜಿ ಕಳ್ದವ್ರೆ. ಯಾವುದು ಸರಿ ಹೇಳಿ."

ಕ್ಲರ್ಕ್ ನನ್ನ ಮುಖ ನೋಡಿದ. ನಾನು ಚೀಟಿ ನೋಡಿದೆ. ಒಂದು ನಿಮಿಷದಲ್ಲೇ ಗೊತ್ತಾಯಿತು. ಗೋಣಿಚೀಲದ ತೂಕ 600 ಗ್ರಾಂ ಅಂತ ಸೆಟ್ಟಿಂಗ್‌ನಲ್ಲಿ ಇತ್ತು. ನಮ್ಮ ಹಳೆಯ ಕೋಡ್ ಒಂದು ಚೀಲದ ತೂಕವನ್ನು ಮೊದಲು ಪೂರ್ತಿ ಕೇಜಿಗೆ ಸರಿಮಾಡಿ, ಅಂದರೆ 1 ಕೇಜಿ ಮಾಡಿಕೊಂಡು, ಆಮೇಲೆ 60ರಿಂದ ಗುಣಿಸುತ್ತಿತ್ತು. ಮೊದಲು ಗುಣಿಸಿ, ಕೊನೆಗೆ ಸರಿಮಾಡಬೇಕಿತ್ತು. 60 ಚೀಲಕ್ಕೆ 36 ಕೇಜಿ. ಆ ತಪ್ಪನ್ನು ಅಕ್ಟೋಬರ್ ಕೊನೆಯಲ್ಲೇ ತಿದ್ದಿದ್ದೆವು. ವಿಡಿಐಗೆ ಹೋಗಿತ್ತು, ವಿಎಂಡಿಕೆಗೆ ಹೋಗಿತ್ತು. ಹೈಪರ್-ವಿ ಇಮೇಜ್ ನೋಡಿಕೊಳ್ಳುವ ಹುಡುಗ ಆ ವಾರ ರಜೆಯಲ್ಲಿದ್ದ. ಅವನು ಬಂದ ಮೇಲೆ ಮಾಡಲಿ ಅಂತ ಬಿಟ್ಟದ್ದು ಹಾಗೇ ಉಳಿಯಿತು. ನವೆಂಬರಿನಲ್ಲಿ ಈ ಗಿರಣಿಗೆ ನಾವು ಹಾಕಿಕೊಟ್ಟದ್ದು ಆ ಹಳೆಯ ಇಮೇಜನ್ನೇ.

24 ಕೇಜಿ ಭತ್ತ. ಆ ರೈತರಿಗೆ ಅದು ಅವರ ದುಡಿಮೆ. ಅವರು ಜಗಳ ಆಡಲಿಲ್ಲ, ದನಿ ಏರಿಸಲಿಲ್ಲ, ಸುಮ್ನೆ ಎರಡು ಚೀಟಿ ಪಕ್ಕಪಕ್ಕ ಇಟ್ಟು ಕೇಳಿದರು. ಆವತ್ತಿನಿಂದ ನನಗೆ ಡಿಸ್ಕ್ ಫಾರ್ಮ್ಯಾಟ್ ಅನ್ನುವುದು ಬರೀ ಕಂಪ್ಯೂಟರಿನ ವಿಷಯವಾಗಿ ಉಳಿದಿಲ್ಲ.

ಸಂಜೆಯೊಳಗೆ ಆ ಮಷಿನ್ ಸರಿಮಾಡಿದೆವು. ನವೆಂಬರಿನಿಂದ ಅಲ್ಲಿ ಕೊಟ್ಟ ಎಲ್ಲ ಚೀಟಿಗಳ ಲೆಕ್ಕ ಹೊಸದಾಗಿ ತೆಗೆದು ಮಾಲೀಕರ ಕೈಗೆ ಕೊಟ್ಟೆವು. ತಪ್ಪು ನಮ್ಮದು ಅಂತ ಬರೆದು ಸಹಿ ಹಾಕಿಯೇ ಕೊಟ್ಟೆವು. ಅವರು ದೊಡ್ಡ ಮನಸ್ಸಿನವರು, ವ್ಯತ್ಯಾಸದ ಹಣವನ್ನು ರೈತರಿಗೆ ಮುಟ್ಟಿಸಿದರು. ನಮ್ಮ ಆ ವರ್ಷದ ನಿರ್ವಹಣೆ ಶುಲ್ಕವನ್ನು ನಾವು ಬಿಟ್ಟೆವು.

ಮೊದಲು ಹಿಡಿದ ದಾರಿಗಳು

ನಾಲ್ಕು ಇಮೇಜ್ ನಾಲ್ಕು ಕೈಯಲ್ಲಿ ಇರಬಾರದು ಅನ್ನುವುದು ಎಲ್ಲರಿಗೂ ಅರ್ಥವಾಗಿತ್ತು. ಅದಕ್ಕೆ ಏನು ಮಾಡಬೇಕು ಅನ್ನುವುದರಲ್ಲಿ ಎರಡು ಸಲ ಎಡವಿದೆವು.

ಮೊದಲ ಯೋಚನೆ: ನಾವು ಒಂದೇ ಫಾರ್ಮ್ಯಾಟ್‌ನಲ್ಲಿ ಕೊಡೋಣ, ಬೇಕಾದವರು ಅವರ ಕಡೆಯೇ ಬದಲಾಯಿಸಿಕೊಳ್ಳಲಿ. ವಿಎಂಡಿಕೆ ಜಾಸ್ತಿ ಕಡೆ ನಡೆಯುತ್ತದೆ ಅಂತ ಅದನ್ನೇ ಆರಿಸಿದೆವು. ಎರಡೇ ವಾರದಲ್ಲಿ ಈ ದಾರಿ ಮುಚ್ಚಿತು. ಒಂದು ಗಿರಣಿಯ ಕಂಪ್ಯೂಟರ್ ನೋಡಿಕೊಳ್ಳುವವರು ಫೈಲಿನ ಕೊನೆಯಲ್ಲಿದ್ದ ವಿಎಂಡಿಕೆ ಅನ್ನುವುದನ್ನು ಅಳಿಸಿ ವಿಎಚ್‌ಡಿಎಕ್ಸ್ ಅಂತ ಬರೆದು, ಹೈಪರ್-ವಿ ತಗೊಳ್ಳುತ್ತಿಲ್ಲ ಅಂತ ಫೋನ್ ಮಾಡಿದರು. ಡಬ್ಬದ ಮೇಲಿನ ಚೀಟಿ ಬದಲಾಯಿಸಿದರೆ ಒಳಗಿನ ಉಪ್ಪು ಸಕ್ಕರೆ ಆಗುವುದಿಲ್ಲ. ಆದರೆ ಅವರನ್ನು ದೂರುವಂತಿಲ್ಲ, ಇದನ್ನು ಹೇಳಿಕೊಡದೆ ಕೆಲಸ ಅವರ ತಲೆ ಮೇಲೆ ಹಾಕಿದವರು ನಾವೇ.

ಹೆಸರು ನಂಬದೆ ಒಳಗೆ ಏನಿದೆ ಅಂತ ನೋಡುವುದು ಕಷ್ಟವಲ್ಲ, ಇದು ಎಲ್ಲರಿಗೂ ಉಪಯೋಗಕ್ಕೆ ಬರುವ ಮಾತು. ಫೈಲಿನ ಬೈಟ್‌ಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದರೆ ಕ್ಯೂಕೌ2 ಫೈಲಿನ ಮೊದಲ ಮೂರು ಅಕ್ಷರ ಕ್ಯೂ, ಎಫ್, ಐ. ಒಂದೇ ಫೈಲಿನಲ್ಲಿರುವ ವಿರಳ (ಬಳಸಿದ ಜಾಗವನ್ನು ಮಾತ್ರ ಇಟ್ಟುಕೊಳ್ಳುವ) ವಿಎಂಡಿಕೆ ಆದರೆ ಕೆ, ಡಿ, ಎಂ, ವಿ. ವಿಎಚ್‌ಡಿಎಕ್ಸ್‌ನಲ್ಲಿ 'ವಿಎಚ್‌ಡಿಎಕ್ಸ್‌ಫೈಲ್' ಅಂತಲೇ ಶುರು. ವರ್ಚುವಲ್‌ಬಾಕ್ಸ್ ತಾನೇ ಮಾಡಿದ ವಿಡಿಐ ತೆರೆದರೆ ಅದರ ಹೆಸರೇ ಪೂರ್ತಿ ಬರೆದಿರುತ್ತದೆ. ಹಳೆಯ ವಿಎಚ್‌ಡಿಯ ಗುರುತು ಫೈಲಿನ ಕೊನೆಯ 512 ಬೈಟ್‌ಗಳಲ್ಲಿ ಇರುತ್ತದೆ, 'ಕನೆಕ್ಟಿಕ್ಸ್' ಅಂತ. ಆ ಫಾರ್ಮ್ಯಾಟ್ ಹುಟ್ಟುಹಾಕಿದ ಕಂಪನಿಯ ಹೆಸರು ಅದು. ಮೈಕ್ರೋಸಾಫ್ಟ್ 2003ರಲ್ಲಿ ಆ ತಂತ್ರಜ್ಞಾನ ಕೊಂಡುಕೊಂಡ ಮೇಲೂ ಆ ಹೆಸರು ಒಳಗೆ ಹಾಗೇ ಉಳಿದಿದೆ.

ಇದೇ ಹೊತ್ತಿನಲ್ಲಿ ನಮ್ಮವನೇ ಒಬ್ಬ ಇಎಸ್‌ಎಕ್ಸ್‌ಐ ಸರ್ವರಿನಿಂದ ಕಮಾಂಡ್ ಕೊಟ್ಟು ಪೆನ್‌ಡ್ರೈವ್‌ಗೆ ಡಿಸ್ಕ್ ಕಾಪಿ ಮಾಡಿಕೊಂಡು ಬಂದ. ಮಂಡ್ಯದಿಂದ ಮೈಸೂರಿಗೆ ಬಂದು ನೋಡಿದರೆ ಫೈಲು ಒಂದು ಕೆಬಿಯೂ ಇಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಓದಲು ಬರುವ ಅಕ್ಷರಗಳೇ ಇವೆ. ಅದರಲ್ಲಿ ಒಂದು ಸಾಲು, 83886080 ಸೆಕ್ಟರ್, ಪಕ್ಕದಲ್ಲಿ ಇನ್ನೊಂದು ಫೈಲಿನ ಹೆಸರು, ಆ ಹೆಸರಿನ ಕೊನೆಗೆ 'ಫ್ಲ್ಯಾಟ್'. ಸೆಕ್ಟರಿಗೆ 512 ಬೈಟ್, ಗುಣಿಸಿದರೆ ಸರಿಯಾಗಿ 40 ಜಿಬಿ. ಅವನು ತಂದದ್ದು ವಿಳಾಸ ಬರೆದ ಚೀಟಿ ಮಾತ್ರ. ಮನೆ ಮಂಡ್ಯದಲ್ಲೇ ಉಳಿದಿತ್ತು. ಇಎಸ್‌ಎಕ್ಸ್‌ಐನಲ್ಲಿ ಒಂದು ಡಿಸ್ಕ್ ಅಂದರೆ ಕಡಿಮೆ ಅಂದರೂ ಎರಡು ಫೈಲ್, ಇದನ್ನು ಈಗ ಹೊಸಬರಿಗೆ ಮೊದಲ ದಿನವೇ ತೋರಿಸುತ್ತೇವೆ.

ಎರಡನೇ ದಾರಿ: ಆಫೀಸಿನ ವಿಎಂ ಅನ್ನೇ ಮೂಲ ಅಂತ ಇಟ್ಟುಕೊಂಡು, ಪ್ರತಿ ಬಿಡುಗಡೆಗೆ ಕ್ಯೂಎಮು-ಇಮೇಜ್ ಟೂಲಿನಿಂದ ಬೇರೆ ಮೂರು ಫಾರ್ಮ್ಯಾಟ್ ಮಾಡುವುದು. ಇದು ಸರಿಯಾದ ಟೂಲ್. ಉಚಿತ, ಎಲ್ಲ ಫಾರ್ಮ್ಯಾಟೂ ಗೊತ್ತು. ಆದರೆ ಆ ಮೂಲ ವಿಎಂ ಮೂರು ವರ್ಷದಿಂದ ಎಲ್ಲರೂ ಕೈಯಾಡಿಸಿದ ಮಷಿನ್ ಆಗಿತ್ತು.

ಕೆಎ 11

ಬಿಡುಗಡೆಗೆ ಹಿಂದಿನ ದಿನ, ಇಮೇಜ್ ಯಾಕೆ ಇಷ್ಟು ದಪ್ಪ ಅಂತ ನೋಡುತ್ತಿದ್ದೆವು. ಒಳಗೆ ಇರುವುದು ಎರಡು ಜಿಬಿಯೂ ಇಲ್ಲ, ಫೈಲ್ ಮಾತ್ರ ಹನ್ನೊಂದು ಜಿಬಿ. ನಮ್ಮ ತಂಡದ ಹುಡುಗಿಯೊಬ್ಬಳು ರಾ ಇಮೇಜಿನಿಂದ (ಡಿಸ್ಕಿನ ಬೈಟ್‌ಗಳು ಇದ್ದ ಹಾಗೇ ಇರುವ ಫೈಲ್) ಓದಲು ಬರುವ ಅಕ್ಷರಗಳನ್ನೆಲ್ಲ ಹೊರತೆಗೆದು, ಅದರಲ್ಲಿ ಸುಮ್ನೆ 'ಕೆಎ 11' ಅಂತ ಹುಡುಕಿದಳು. ಸಾಲು ಸಾಲಾಗಿ ಬಂದವು. ಮಂಡ್ಯ ನೋಂದಣಿಯ ಟ್ರ್ಯಾಕ್ಟರ್, ಲಾರಿ ನಂಬರುಗಳು. ಪಕ್ಕದಲ್ಲಿ ರೈತರ ಹೆಸರು, ತೂಕ, ಕೊಟ್ಟ ಹಣ.

ಒಂದು ವರ್ಷದ ಹಿಂದೆ ಯಾವುದೋ ತೊಂದರೆ ಹುಡುಕಲು ಒಂದು ಗಿರಣಿಯ ಡೇಟಾಬೇಸ್ ತಂದು ಆ ವಿಎಂನಲ್ಲಿ ಹಾಕಿದ್ದೆವು. ಆಮೇಲೆ ಅಳಿಸಿದ್ದೆವು. ಆದರೆ ಫೈಲ್ ಅಳಿಸಿದರೆ, ಯಾವ ಫೈಲ್ ಎಲ್ಲಿದೆ ಅಂತ ಲೆಕ್ಕ ಇಡುವ ಫೈಲ್‌ಸಿಸ್ಟಮ್ ಆ ಜಾಗ ಖಾಲಿ ಅಂತ ಗುರುತು ಹಾಕಿಕೊಳ್ಳುತ್ತದೆ, ಅಷ್ಟೇ. ಅಲ್ಲಿದ್ದ ಅಕ್ಷರಗಳು ಮೇಲೆ ಬೇರೆ ಏನಾದರೂ ಬರೆಯುವ ತನಕ ಇದ್ದೇ ಇರುತ್ತವೆ. ಇಮೇಜ್ ಕನ್ವರ್ಟ್ ಮಾಡುವ ಟೂಲಿಗೆ ಫೈಲ್‌ಸಿಸ್ಟಮ್ ಗೊತ್ತಿಲ್ಲ. ಅದು ಬ್ಲಾಕ್ ನೋಡುತ್ತದೆ. ಪೂರ್ತಿ ಸೊನ್ನೆ ಇದ್ದರೆ ಬಿಡುತ್ತದೆ, ಇಲ್ಲದಿದ್ದರೆ ಹೊತ್ತುಕೊಂಡು ಹೋಗುತ್ತದೆ. ಮರುದಿನ ಬಿಡುಗಡೆ ಮಾಡಿದ್ದರೆ ಒಂದು ಗಿರಣಿಯ ವ್ಯವಹಾರ ಬೇರೆ ಎಲ್ಲ ಗಿರಣಿಗಳ ಸರ್ವರ್‌ನಲ್ಲಿ ಕೂತಿರುತ್ತಿತ್ತು.

ಅದುವರೆಗೆ ಹೊರಗೆ ಹೋಗಿದ್ದ ಇಮೇಜ್‌ಗಳನ್ನೂ ಆವತ್ತೇ ಪರೀಕ್ಷಿಸಿದೆವು. ಅವು ಬೇರೆ ಬೇರೆ ಮೂಲದಿಂದ ಬಂದಿದ್ದವು, ಅವುಗಳಲ್ಲಿ ಏನೂ ಸಿಗಲಿಲ್ಲ. ರಾತ್ರಿ ಆಫೀಸಿನಿಂದ ಹೊರಡುವಾಗ ಒಂದು ವಿಷಯ ಗಟ್ಟಿಯಾಗಿತ್ತು. ಬಳಸಿದ ವಿಎಂ ಅನ್ನು ತೊಳೆದು ಮೂಲ ಮಾಡುವುದು ಬೇಡ. ಮೂಲವನ್ನು ಪ್ರತಿ ಸಲವೂ ಸೊನ್ನೆಯಿಂದ ಕಟ್ಟಬೇಕು.

ಒಂದು ಮೂಲ, ಉಳಿದದ್ದೆಲ್ಲ ಅಚ್ಚು

ಈಗಿನ ಪದ್ಧತಿ ಹೀಗಿದೆ. ಒಂದು ಸ್ಕ್ರಿಪ್ಟ್ ಖಾಲಿ 8 ಜಿಬಿ ರಾ ಫೈಲ್ ತಗೊಂಡು ಅದರಲ್ಲಿ ಡೆಬಿಯನ್ ಹಾಕಿ, ನಮ್ಮ ಪ್ಯಾಕೇಜ್ ಹಾಕಿ ಮುಗಿಸುತ್ತದೆ. ಮನುಷ್ಯರು ಯಾರೂ ಒಳಗೆ ಲಾಗಿನ್ ಆಗುವುದಿಲ್ಲ. ರಾ ಅಂದರೆ ಹಾರ್ಡ್ ಡಿಸ್ಕಿನಲ್ಲಿ ಇರುವ ಹಾಗೇ ಬೈಟಿಗೆ ಬೈಟ್, ಫಾರ್ಮ್ಯಾಟ್ ಯಾವುದು ಅಂತ ಹೇಳುವ ತಲೆಬರಹ (ಹೆಡರ್) ಇಲ್ಲ. ಅದಕ್ಕೇ ಮೂಲಕ್ಕೆ ಅದನ್ನು ಆರಿಸಿದ್ದು. ಉಳಿದ ಫಾರ್ಮ್ಯಾಟ್‌ಗಳು ಅದೇ ವಿಷಯವನ್ನು ತುಂಡು ತುಂಡು ಮಾಡಿ, ಯಾವ ತುಂಡು ಎಲ್ಲಿದೆ ಅಂತ ಒಂದು ಪಟ್ಟಿ ಇಟ್ಟುಕೊಳ್ಳುತ್ತವೆ. ಕ್ಯೂಕೌ2ನಲ್ಲಿ ತುಂಡು ಸಾಮಾನ್ಯವಾಗಿ 64 ಕೆಬಿ, ವಿಡಿಐನಲ್ಲಿ 1 ಎಂಬಿ. ಒಳಗಿನ ಸರಕು ಒಂದೇ.

ರಾ ಬಳಸುವಾಗ ಒಂದು ಎಚ್ಚರ ಬೇಕು. ಅದಕ್ಕೆ ಗುರುತು ಇಲ್ಲದ ಕಾರಣ ಟೂಲ್ ಊಹೆ ಮಾಡುತ್ತದೆ. ವಿಎಂ ಒಳಗಿರುವ ಯಾರಾದರೂ ಡಿಸ್ಕಿನ ಮೊದಲ ಸೆಕ್ಟರಿನಲ್ಲಿ ಕ್ಯೂಕೌ2 ತಲೆಬರಹ ಬರೆದು, ಅದರಲ್ಲಿ ಹೊರಗಿನ ಸರ್ವರಿನ ಯಾವುದೋ ಫೈಲಿನ ಹೆಸರು ಸೇರಿಸಿದರೆ, ಊಹೆ ಮಾಡುವ ಟೂಲ್ ಆ ಫೈಲನ್ನೂ ತೆರೆದು ಓದಿಬಿಡಬಹುದು. ಅದಕ್ಕೇ ಬರುವ ಫೈಲ್ ರಾ, ಹೋಗುವ ಫೈಲ್ ಇಂಥದ್ದು ಅಂತ ಎರಡನ್ನೂ ಕಮಾಂಡಿನಲ್ಲಿ ಬಾಯಿಬಿಟ್ಟು ಹೇಳುತ್ತೇವೆ.

ರಾದಿಂದ ನಾಲ್ಕು ಅಚ್ಚು ತೆಗೆದ ಮೇಲೆ, ಪ್ರತಿಯೊಂದನ್ನೂ ಅದೇ ಟೂಲಿನ ಕಂಪೇರ್ ಕಮಾಂಡಿನಿಂದ ಮೂಲದ ಜೊತೆ ಹೋಲಿಸುತ್ತೇವೆ. ಫಾರ್ಮ್ಯಾಟ್ ಬೇರೆ ಇದ್ದರೂ ಒಳಗಿನ ಡಿಸ್ಕ್ ಒಂದೇನಾ ಅಂತ ಅದು ನೋಡಿ ಹೇಳುತ್ತದೆ. 'ಎರಡೂ ಒಂದೇ' ಅನ್ನುವ ಉತ್ತರ ಬಾರದಿದ್ದರೆ ಬಿಡುಗಡೆ ನಿಲ್ಲುತ್ತದೆ. ಆ ಎರಡು ಚೀಟಿಯ ಘಟನೆಗೆ ನಮ್ಮ ಉತ್ತರ ಇರುವುದು ಈ ಒಂದು ಸಾಲಿನಲ್ಲಿ.

ಇಎಸ್‌ಎಕ್ಸ್‌ಐಗೆ ಕೊಡುವುದು ಓವಿಎ. ಅದು ಬರೀ ಒಂದು ಟಾರ್ ಫೈಲ್, ಹಲವು ಫೈಲ್‌ಗಳನ್ನು ಒಂದರಲ್ಲಿ ಕಟ್ಟಿದ ಮೂಟೆ. ಒಳಗೆ ಮಷಿನ್ ವಿವರದ ಓವಿಎಫ್, ಫೈಲ್ ಕೆಟ್ಟಿಲ್ಲ ಅಂತ ತಾಳೆ ನೋಡುವ ಹ್ಯಾಶ್ ಪಟ್ಟಿ, ಒತ್ತಿ ಚಿಕ್ಕದು ಮಾಡಿದ ವಿಎಂಡಿಕೆ. ಓವಿಎಫ್ ಮೊದಲು ಬರಬೇಕು, ಈ ಕ್ರಮ ಮುಖ್ಯ. ಆ ಒತ್ತಿದ ವಿಎಂಡಿಕೆಯನ್ನು ನೇರವಾಗಿ ವಿಎಂಗೆ ಜೋಡಿಸಿದರೆ ಇಎಸ್‌ಎಕ್ಸ್‌ಐ ಒಪ್ಪುವುದಿಲ್ಲ, ಇಂಪೋರ್ಟ್ ಮೂಲಕವೇ ಹೋಗಬೇಕು. ವರ್ಚುವಲ್‌ಬಾಕ್ಸ್ ಕಡೆ ಬೇರೆ ತಕರಾರು. ಪ್ರತಿ ವಿಡಿಐ ಒಳಗೂ ಒಂದು ಯುಯುಐಡಿ, ಅಂದರೆ ಅದಕ್ಕೇ ಮೀಸಲಾದ ಗುರುತಿನ ನಂಬರ್, ಇರುತ್ತದೆ. ಹಳೆಯ ಫೈಲಿನ ಜಾಗದಲ್ಲಿ ಅದೇ ಹೆಸರಿನ ಹೊಸ ಫೈಲ್ ಇಟ್ಟರೆ ನೋಂದಣಿಯಲ್ಲಿ ಇರುವ ನಂಬರಿಗೂ ಇದಕ್ಕೂ ತಾಳೆ ಇಲ್ಲ ಅಂತ ನಿಲ್ಲುತ್ತದೆ. ಮೊದಲು ಹಳೆಯದನ್ನು ಮೀಡಿಯಾ ಪಟ್ಟಿಯಿಂದ ತೆಗೆಯಬೇಕು.

ಬೇಡ ಅಂದದ್ದೂ ಒಂದಿದೆ. ಒಬ್ಬ ಗಿರಾಕಿಯದು ವಿಂಡೋಸ್ ಸರ್ವರ್ 2008 ಆರ್2. ವಿಎಚ್‌ಡಿಎಕ್ಸ್ ಬಂದದ್ದೇ 2012ರ ಸರ್ವರ್ ಜೊತೆ, ಅಲ್ಲಿ ಹಳೆಯ ವಿಎಚ್‌ಡಿಯೇ ಬೇಕು. ಮಾಡಿ ನೋಡಿದೆವು. ಹಳೆಯ ಕಾಲದ ಹಾರ್ಡ್ ಡಿಸ್ಕಿನ ಸಿಲಿಂಡರ್, ಹೆಡ್ ಲೆಕ್ಕಕ್ಕೆ ಹೊಂದಿಸಲು ಟೂಲ್ ಡಿಸ್ಕಿನ ಅಳತೆಯನ್ನು ಸ್ವಲ್ಪ ಹೆಚ್ಚು ಮಾಡುತ್ತದೆ. ಅದನ್ನು ತಡೆಯುವ ಆಯ್ಕೆ ಇದೆ, ಆದರೆ ತಡೆಯದಿದ್ದರೆ ಡಿಸ್ಕಿನ ತುದಿಯಲ್ಲಿ ಇರಬೇಕಾದ ಪಾರ್ಟಿಶನ್ (ಡಿಸ್ಕಿನ ಭಾಗಗಳ) ಪಟ್ಟಿಯ ನಕಲು ಅಲ್ಲಿ ಇರುವುದಿಲ್ಲ. ಇದಕ್ಕಿಂತ ದೊಡ್ಡ ವಿಷಯ, ಆ ಸರ್ವರಿಗೆ ಮೈಕ್ರೋಸಾಫ್ಟ್‌ನ ವಿಸ್ತರಿತ ಬೆಂಬಲವೂ 2020ರ ಜನವರಿಯಲ್ಲೇ ಮುಗಿದಿತ್ತು. ಐದನೇ ಫಾರ್ಮ್ಯಾಟ್ ಸೇರಿಸುವ ಬದಲು ಅವರಿಗೆ ಒಂದು ಚಿಕ್ಕ ಹೊಸ ಕಂಪ್ಯೂಟರ್ ಕೊಳ್ಳಲು ಒಪ್ಪಿಸಿದೆವು. ಒಪ್ಪಿಸಲು ಮೂರು ಸಲ ಮಳವಳ್ಳಿ ರಸ್ತೆಯಲ್ಲಿ ಓಡಾಡಬೇಕಾಯಿತು. ಆದರೂ ಅದು ಸರಿಯಾದ ತೀರ್ಮಾನ ಅಂತ ನನ್ನ ನಂಬಿಕೆ.

ಬೈಟ್ ಸರಿ ಇದ್ದರೆ ಸಾಲದು

ಹೋಲಿಕೆ ಪಾಸಾದ ಮೊದಲ ಇಮೇಜನ್ನು ಹೈಪರ್-ವಿಯಲ್ಲಿ ಹಾಕಿದೆವು. ಬೂಟ್ ಆಗಲಿಲ್ಲ. ಕಪ್ಪು ಪರದೆ, ಇಂಥ ಯುಯುಐಡಿಯ ಡಿಸ್ಕ್ ಇಲ್ಲ ಅನ್ನುವ ಸಾಲು, ಕೆಳಗೆ ಇನಿಟ್‌ರಾಮ್‌ಎಫ್‌ಎಸ್ ಪ್ರಾಂಪ್ಟ್ (ಮುಖ್ಯ ಡಿಸ್ಕ್ ಸಿಗುವ ಮುಂಚೆ ಲಿನಕ್ಸ್ ಬಳಸುವ ಚಿಕ್ಕ ಆರಂಭದ ವ್ಯವಸ್ಥೆ ಅದು). ಡಿಸ್ಕ್ ಇತ್ತು, ಅದನ್ನು ಕಾಣುವ ಕಣ್ಣು ಇರಲಿಲ್ಲ. ಇಮೇಜ್ ಚಿಕ್ಕದಾಗಲಿ ಅಂತ ನಾವೇ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ 'ಈ ಮಷಿನ್‌ಗೆ ಬೇಕಾದ ಡ್ರೈವರ್ ಮಾತ್ರ' ಅನ್ನುವ ಸೆಟ್ಟಿಂಗ್ ಹಾಕಿದ್ದೆವು. ಕಟ್ಟಿದ ಮಷಿನ್ ಕೆವಿಎಂ (ಪ್ರಾಕ್ಸ್‌ಮಾಕ್ಸ್ ಒಳಗಿನ ಹೈಪರ್‌ವೈಸರ್), ಅದಕ್ಕೆ ಬೇಕಾದದ್ದು ವರ್ಟಿಐಓ ಡ್ರೈವರ್. ಹೈಪರ್-ವಿಯ ಡಿಸ್ಕ್ ಡ್ರೈವರ್ ಒಳಗೆ ಬಂದೇ ಇರಲಿಲ್ಲ. ಡೆಬಿಯನ್‌ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹೆಚ್ಚಿನ ಡ್ರೈವರ್ ಎಲ್ಲ ಇರುತ್ತವೆ, ಅದಕ್ಕೇ ವಾಪಸ್ ಹೋದೆವು. ಉಳಿಸಿದ್ದು ಹತ್ತಾರು ಎಂಬಿ, ಕಳೆದದ್ದು ಮೂರು ದಿನ.

ಅದಾದ ಮೇಲೆ ಜನರೇಶನ್ 2ರ ವಿಷಯ. ಹೈಪರ್-ವಿಯಲ್ಲಿ ಜನರೇಶನ್ 1 ಹಳೆಯ ಬಯೋಸ್, 2 ಯುಇಎಫ್‌ಐ, ಎರಡೂ ಮಷಿನ್ ಬೂಟ್ ಮಾಡಿಸುವ ವ್ಯವಸ್ಥೆಗಳು. ಗಿರಣಿಯವರು ಯಾವುದನ್ನು ಒತ್ತುತ್ತಾರೆ ಅಂತ ಹೇಳಲಾಗದು. ಹಾಗಾಗಿ ಒಂದೇ ಡಿಸ್ಕಿನಲ್ಲಿ ಎರಡಕ್ಕೂ ದಾರಿ ಇಟ್ಟೆವು. ಬಯೋಸ್‌ನಲ್ಲಿ ಲಿನಕ್ಸ್ ಎಬ್ಬಿಸುವ ಗ್ರಬ್‌ಗೆ 1 ಎಂಬಿಯ ಒಂದು ಪಾರ್ಟಿಶನ್, ಯುಇಎಫ್‌ಐಗೆ ಇಎಫ್‌ಐ ಪಾರ್ಟಿಶನ್. ಬೂಟ್ ಫೈಲನ್ನು ಎಲ್ಲ ಯುಇಎಫ್‌ಐ ತಾನಾಗಿ ಹುಡುಕುವ ಮಾಮೂಲಿ ಜಾಗದಲ್ಲಿ ಇಟ್ಟೆವು, ಯಾಕೆಂದರೆ ಹೊಸ ವಿಎಂಗೆ ಹಳೆಯ ಬೂಟ್ ಪಟ್ಟಿ ನೆನಪಿರುವುದಿಲ್ಲ. ನಂಬಿಕೆಯ ಸಹಿ ಇರುವ ಸಿಸ್ಟಮ್ ಮಾತ್ರ ಏಳಲು ಬಿಡುವ ಸೆಕ್ಯೂರ್ ಬೂಟ್‌ನ ಟೆಂಪ್ಲೇಟ್ ಮೊದಲಿಗೆ ವಿಂಡೋಸ್‌ಗೆ ಅಂತ ಇರುತ್ತದೆ. ಅದನ್ನು 'ಮೈಕ್ರೋಸಾಫ್ಟ್ ಯುಇಎಫ್‌ಐ ಸರ್ಟಿಫಿಕೇಟ್ ಅಥಾರಿಟಿ'ಗೆ ಬದಲಾಯಿಸಬೇಕು, ಇಲ್ಲದಿದ್ದರೆ ಲಿನಕ್ಸ್ ಏಳುವುದಿಲ್ಲ.

ಬೂಟ್ ಆಯಿತು. ತೂಕ ಬರಲಿಲ್ಲ. ಹೈಪರ್-ವಿ ಕಂಪ್ಯೂಟರಿನ ಸೀರಿಯಲ್ ಪೋರ್ಟನ್ನು ವಿಎಂಗೆ ನೇರ ಕೊಡುವುದಿಲ್ಲ. ಅದಕ್ಕೇ ವೇಬ್ರಿಡ್ಜ್‌ನ ತೂಕ ತೋರಿಸುವ ಇಂಡಿಕೇಟರಿನ ಸೀರಿಯಲ್ ವೈರನ್ನು ಒಂದು ಚಿಕ್ಕ ಕನ್ವರ್ಟರ್ ಡಬ್ಬಕ್ಕೆ ಹಾಕಿ ಲ್ಯಾನ್ ಮೂಲಕ ಓದುತ್ತೇವೆ. ಲ್ಯಾನ್ ಸತ್ತರೆ ತೂಕ ಇಲ್ಲ. ಲ್ಯಾನ್ ಸತ್ತದ್ದು ಹೆಸರಿನಿಂದ. ವರ್ಚುವಲ್‌ಬಾಕ್ಸ್‌ನಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು ಇಎನ್‌ಪಿ0ಎಸ್3, ನಮ್ಮ ಪ್ರಾಕ್ಸ್‌ಮಾಕ್ಸ್‌ನಲ್ಲಿ ಇಎನ್‌ಎಸ್18, ಇಎಸ್‌ಎಕ್ಸ್‌ಐನಲ್ಲಿ ಇಎನ್‌ಎಸ್192, ಹೈಪರ್-ವಿಯಲ್ಲಿ ಇಟಿಎಚ್0. ನಾವು ಬರೆದಿದ್ದ ಕಾನ್ಫಿಗರೇಶನ್ ಮೊದಲ ಹೆಸರನ್ನೇ ಹಿಡಿದು ಕೂತಿತ್ತು. ಈಗ ಸಿಸ್ಟಮ್‌ಡಿ ನೆಟ್‌ವರ್ಕ್ ಫೈಲಿನಲ್ಲಿ 'ಇ' ಇಂದ ಶುರುವಾಗುವ ಯಾವುದೇ ಹೆಸರಾದರೂ ಸರಿ ಅಂತ ಬರೆದಿದ್ದೇವೆ. ಡಿಸ್ಕ್ ಹೆಸರೂ ಹೀಗೇ ಅಲ್ವಾ, ಒಂದು ಕಡೆ ಎಸ್‌ಡಿಎ, ಇನ್ನೊಂದು ಕಡೆ ವಿಡಿಎ. ಮೌಂಟ್ ಪಟ್ಟಿಯಲ್ಲಿ ಯುಯುಐಡಿ ಮಾತ್ರ ಬಳಸುತ್ತೇವೆ. ಮಷಿನ್ ಐಡಿ, ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೀಲಿ ಮೂಲದಲ್ಲಿ ಇರುವುದಿಲ್ಲ, ಪ್ರತಿ ಗಿರಣಿಯಲ್ಲಿ ಮೊದಲ ಸಲ ಆನ್ ಆದಾಗ ಹುಟ್ಟುತ್ತವೆ.

ಆಫೀಸಿನ ಒಂದು ಮೂಲೆಯಲ್ಲಿ ಈಗ ನಾಲ್ಕು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಇವೆ, ಒಂದೊಂದರಲ್ಲಿ ಒಂದೊಂದು ಹೈಪರ್‌ವೈಸರ್. ಪ್ರತಿ ಬಿಡುಗಡೆಯೂ ನಾಲ್ಕರಲ್ಲೂ ಬೂಟ್ ಆಗಿ, ನಕಲಿ ಇಂಡಿಕೇಟರಿನಿಂದ ತೂಕ ಓದಿ, 60 ಚೀಲಕ್ಕೆ 36 ಕೇಜಿ ಕಳೆದ ಚೀಟಿ ಕೊಡಬೇಕು. ಈ ಪರೀಕ್ಷೆಯ ಅಂಕಿಗಳನ್ನು ಬೇಕೆಂದೇ ಹಾಗೆ ಇಟ್ಟಿದ್ದೇನೆ.

ಕರೆಂಟು ಹೋದ ಗಿರಣಿ

2024ರ ಬೇಸಿಗೆಯಲ್ಲಿ ಹೈಪರ್-ವಿ ಗಿರಣಿಯಲ್ಲಿ ಕರೆಂಟು ಹೋಯಿತು, ಯುಪಿಎಸ್ ಬ್ಯಾಟರಿ ಕೈಕೊಟ್ಟಿತು, ಸರ್ವರ್ ದಪ್ಪನೆ ಆಫ್ ಆಯಿತು. ಕರೆಂಟು ಬರುವ ಮುಂಚೆಯೇ ಡಿಸ್ಕ್ ಬಿಚ್ಚಿ ಅದರಲ್ಲಿದ್ದ ವಿಎಚ್‌ಡಿಎಕ್ಸ್ ಫೈಲನ್ನು ಆಫೀಸಿಗೆ ತಂದು ತೆರೆಯಲು ಹೋದರೆ ಟೂಲ್ ಒಪ್ಪಲಿಲ್ಲ. ಒಳಗೆ ಒಂದು ಲಾಗ್ ಇದೆ, ಅದನ್ನು ಮೊದಲು ಪೂರ್ತಿ ಮಾಡಬೇಕು, ಓದಲು ಮಾತ್ರ ತೆರೆದರೆ ಆಗದು ಅಂದಿತು. ವಿಎಚ್‌ಡಿಎಕ್ಸ್‌ನ ಒಳ್ಳೆಯ ಗುಣ ಇದು. ತನ್ನ ಪಟ್ಟಿ ಬದಲಾಯಿಸುವ ಮುಂಚೆ ಏನು ಬದಲಾಯಿಸುತ್ತೇನೆ ಅಂತ ಬರೆದಿಟ್ಟುಕೊಳ್ಳುತ್ತದೆ. ಆ ಫೈಲನ್ನು ಇನ್ನೊಂದು ಹೈಪರ್-ವಿಯಲ್ಲಿ ಹಾಕಿ ಒಂದು ಸಲ ಆನ್ ಮಾಡಿ, ಸರಿಯಾಗಿ ಶಟ್‌ಡೌನ್ ಮಾಡಿದ ಮೇಲೆ ಎಲ್ಲ ಸರಿಯಾಯಿತು. ಒಂದು ಚೀಟಿಯೂ ಹೋಗಿರಲಿಲ್ಲ.

ಆದರೆ ಆ ಮಧ್ಯಾಹ್ನ ಕೂತು ಯೋಚಿಸಿದಾಗ ನಮ್ಮ ಹೊಸ ಪದ್ಧತಿಯ ದೊಡ್ಡ ಕೊರತೆ ಕಂಡಿತು. ಸಾಫ್ಟ್‌ವೇರ್ ಮತ್ತು ಚೀಟಿಗಳ ಡೇಟಾಬೇಸ್ ಒಂದೇ ಡಿಸ್ಕಿನಲ್ಲಿ ಇದ್ದವು. ಹೊಸ ಇಮೇಜ್ ಹಾಕಬೇಕು ಅಂದರೆ ಪ್ರತಿ ಸಲ ಡೇಟಾ ಹೊರತೆಗೆದು ಮತ್ತೆ ಹಾಕಬೇಕಿತ್ತು. ಎರಡನ್ನೂ ಬೇರೆ ಮಾಡಿದೆವು. ಸಿಸ್ಟಮ್ ಡಿಸ್ಕ್ ನಮ್ಮದು, ಪ್ರತಿ ಬಿಡುಗಡೆಗೆ ಹೊಸದು, ಹಳೆಯದನ್ನು ಬಿಸಾಡಬಹುದು. ಡೇಟಾ ಡಿಸ್ಕ್ ಗಿರಣಿಯದು, ಅವರ ಹೈಪರ್‌ವೈಸರ್ ತಾನೇ ಮಾಡಿಕೊಂಡ ಫಾರ್ಮ್ಯಾಟ್‌ನಲ್ಲಿ, ಅಲ್ಲೇ ಇರುತ್ತದೆ. ಈ ಇಡೀ ಪ್ರಕರಣದಲ್ಲಿ ಯಾವ ತೀರ್ಮಾನ ಮುಖ್ಯ ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಫಾರ್ಮ್ಯಾಟ್ ಬದಲಾಯಿಸುವ ಕೆಲಸದಲ್ಲಿ ಏನಾದರೂ ಕೆಟ್ಟರೂ ಆಗ ಕೆಡುವುದು ಮತ್ತೆ ಕಟ್ಟಬಹುದಾದ ವಸ್ತು. ಈ ತರಹದ ಕೆಲಸ ಶುರು ಮಾಡುವವರು ನಮ್ಮ ಹಾಗೆ ಒಂದು ವರ್ಷ ಕಾಯದೆ ಮೊದಲ ದಿನವೇ ಡಿಸ್ಕ್ ಎರಡು ಮಾಡಿಕೊಳ್ಳಲಿ.

ವಲಸೆ

2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ವಿಎಂವೇರ್ ಅನ್ನು ಕೊಂಡುಕೊಂಡ ಮೇಲೆ ಲೈಸೆನ್ಸ್ ಪದ್ಧತಿ ಬದಲಾಯಿತು. ಒಮ್ಮೆ ಕೊಂಡರೆ ಕಾಯಂ ಅನ್ನುವ ಲೈಸೆನ್ಸ್ ಮಾರಾಟ ಮುಂದಿನ ತಿಂಗಳೇ ನಿಂತಿತು, ಎಲ್ಲ ಚಂದಾ ಆಯಿತು. ನಮ್ಮ ದೊಡ್ಡ ಗಿರಣಿಯವರು ಲೆಕ್ಕ ಹಾಕಿ, ಪ್ರಾಕ್ಸ್‌ಮಾಕ್ಸ್‌ಗೆ ಹೋಗುತ್ತೇವೆ ಅಂದರು. ದಿನ ನಿಗದಿಯಾದದ್ದು 2025ರ ಯುಗಾದಿ ಮುಗಿದ ಮೇಲಿನ ವಾರಕ್ಕೆ, ಗಾಡಿ ಕಡಿಮೆ ಇರುವ ಹೊತ್ತು.

ಹದಿನೈದು ದಿನ ಮುಂಚೆ ತಾಲೀಮು ಮಾಡಿದೆವು. ಸಿಸ್ಟಮ್ ಡಿಸ್ಕಿಗೆ ನಮ್ಮ ಕ್ಯೂಕೌ2 ಸಿದ್ಧವಿತ್ತು. ಡೇಟಾ ಡಿಸ್ಕನ್ನು ಗಿರಣಿಯ ಐಟಿ ನೋಡಿಕೊಳ್ಳುವವರು ಕಾಪಿ ಮಾಡಿ ಕನ್ವರ್ಟ್ ಮಾಡಿದರು. ಈ ಸಲ ಫ್ಲ್ಯಾಟ್ ಫೈಲೂ ಇತ್ತು. ಮಷಿನ್ ಎದ್ದಿತು, ಡೇಟಾಬೇಸ್ ಎದ್ದಿತು, ಎಲ್ಲೂ ಒಂದು ದೋಷವಿಲ್ಲ. ಎಲ್ಲರ ಮುಖದಲ್ಲೂ ಸಮಾಧಾನ. ನಾನು ಸುಮ್ನೆ ಕೊನೆಯ ಚೀಟಿ ನಂಬರ್ ನೋಡಿದೆ. ಅದು ಜನವರಿಯದು.

ಎರಡು ತಿಂಗಳಿಗೂ ಜಾಸ್ತಿ ಚೀಟಿಗಳು ಇಲ್ಲ. ಆಗಿದ್ದು ಇಷ್ಟು. ಜನವರಿಯಲ್ಲಿ ಯಾರೋ ಅಪ್‌ಡೇಟ್ ಮಾಡುವ ಮುಂಚೆ ಸ್ನ್ಯಾಪ್‌ಶಾಟ್ (ಬೇಕಾದರೆ ಹಿಂದಕ್ಕೆ ಹೋಗಲು ಹಿಡಿದಿಡುವ ಆ ಕ್ಷಣದ ಸ್ಥಿತಿ) ತೆಗೆದು, ಅಳಿಸಲು ಮರೆತಿದ್ದರು. ಸ್ನ್ಯಾಪ್‌ಶಾಟ್ ಇದ್ದಾಗ ವಿಎಂವೇರ್ ಮೂಲ ಡಿಸ್ಕನ್ನು ಮುಟ್ಟುವುದಿಲ್ಲ. ಹೊಸದೆಲ್ಲ ಪಕ್ಕದಲ್ಲಿ 000001 ಅನ್ನುವ ಇನ್ನೊಂದು ಫೈಲಿಗೆ ಹೋಗುತ್ತದೆ. ಕಾಪಿ ಮಾಡಿದ್ದು ಮೂಲ ಮಾತ್ರ. ಅದು ಕೆಟ್ಟಿರಲಿಲ್ಲ, ಅದಕ್ಕೇ ಯಾವ ಟೂಲೂ ತಪ್ಪು ಅನ್ನಲಿಲ್ಲ. ಹಳೆಯದಾಗಿತ್ತು, ಅಷ್ಟೇ. ದೋಷ ತೋರಿಸುವ ತಪ್ಪಿಗಿಂತ ಸರಿಯಾಗಿ ಕಾಣುವ ತಪ್ಪಿಗೆ ನಾನು ಹೆಚ್ಚು ಹೆದರುತ್ತೇನೆ.

ಆವತ್ತೇ ನಿಯಮ ಮಾಡಿದೆವು: ಡೇಟಾ ಡಿಸ್ಕನ್ನು ಯಾವ ಕಾರಣಕ್ಕೂ ಕನ್ವರ್ಟ್ ಮಾಡುವುದಿಲ್ಲ. ಹೊಸ ಹೈಪರ್‌ವೈಸರ್‌ನಲ್ಲಿ ಖಾಲಿ ಡಿಸ್ಕ್, ಅದಕ್ಕೆ ಪೋಸ್ಟ್‌ಗ್ರೆಸ್ ಡಂಪ್ (ಡೇಟಾಬೇಸ್ ತಾನೇ ಬರೆದುಕೊಡುವ ಪೂರ್ತಿ ನಕಲು) ತೆಗೆದು ತುಂಬುವುದು. ಡೇಟಾಬೇಸ್‌ಗೆ ತನ್ನ ಡೇಟಾ ಎಲ್ಲಿದೆ ಅಂತ ತನಗೆ ಗೊತ್ತು. ಕೆಳಗೆ ಎಷ್ಟು ಫೈಲಿನ ಸರಪಳಿ ಇದೆ ಅನ್ನುವುದು ನಮಗೆ ಬೇಕಾಗಿಲ್ಲ. ಮುಗಿದ ಮೇಲೆ ಮೂರು ಅಂಕಿ ಎರಡೂ ಕಡೆ ತಾಳೆ ನೋಡುವುದು: ಕೊನೆಯ ಚೀಟಿ ನಂಬರ್, ಒಟ್ಟು ಚೀಟಿ, ಆ ತಿಂಗಳ ಒಟ್ಟು ತೂಕ.

ನಿಗದಿಯಾದ ರಾತ್ರಿ ಒಂಬತ್ತಕ್ಕೆ ವೇಬ್ರಿಡ್ಜ್ ನಿಲ್ಲಿಸಿದೆವು. ಹಳೆಯ ಮಷಿನ್‌ನಲ್ಲಿ ಪ್ರೋಗ್ರಾಂ ಬಂದ್ ಮಾಡಿ ಡಂಪ್ ತೆಗೆದೆವು. ಹೊಸದಕ್ಕೆ ತುಂಬಲು ಇಪ್ಪತ್ತು ನಿಮಿಷ ಹಿಡಿಯಿತು. ಗಿರಣಿಯ ರೈಟರ್ ಹಳೆಯ ಪರದೆಯ ಅಂಕಿ ಗಟ್ಟಿಯಾಗಿ ಓದಿದರು, ನಾನು ಹೊಸ ಪರದೆ ನೋಡಿ ಒಂದೊಂದಕ್ಕೂ ಗುರುತು ಹಾಕಿದೆ. ಮೂರೂ ತಾಳೆಯಾದವು. ಹಳೆಯ ವಿಎಂ ಅಳಿಸಲಿಲ್ಲ, ಆಫ್ ಮಾಡಿ ನೆಟ್‌ವರ್ಕ್ ಕಿತ್ತು ಒಂದು ತಿಂಗಳು ಇಡೋಣ ಅಂತ ಮಾತಾಯಿತು. ಗಿರಣಿಯಲ್ಲೇ ಬೆಂಚಿನ ಮೇಲೆ ಮಲಗಿದೆವು.

ಬೆಳಗ್ಗೆ ಆರೂವರೆಗೆ ಮೊದಲ ಟ್ರ್ಯಾಕ್ಟರ್ ವೇಬ್ರಿಡ್ಜ್ ಹತ್ತಿತು. ಪ್ರಿಂಟರ್ ಶಬ್ದ ಮಾಡಿತು. ರೈಟರ್ ಚೀಟಿ ಹರಿದು ಮೊದಲು ನನ್ನ ಕಡೆ ಹಿಡಿದು ತೋರಿಸಿದರು. ನಿನ್ನೆಯ ಕೊನೆಯ ನಂಬರಿಗೆ ಒಂದು ಜಾಸ್ತಿ. ಆಮೇಲೆ ಕಿಟಕಿಯಿಂದ ಕೈ ಚಾಚಿ ರೈತರಿಗೆ ಕೊಟ್ಟರು.